ಜಿಎಚ್‌ಕೆ-ತಾಮ್ರ: ತಕ್ಕಡಿಯನ್ನು ನಂಬುವುದು ಬಿಟ್ಟ ಮೇಲೆ ಕೈಗೂಡಿದ ಕೆಲಸ

ಜಿಎಚ್‌ಕೆ ಎಂದರೆ ಗ್ಲೈಸಿನ್, ಹಿಸ್ಟಿಡಿನ್, ಲೈಸಿನ್ ಎಂಬ ಮೂರು ಅಮೈನೋ ಆಮ್ಲಗಳ ಪುಟ್ಟ ಸರಪಳಿ, ಅಂದರೆ ಪೆಪ್ಟೈಡ್; ಅದು ತಾಮ್ರವನ್ನು ಹಿಡಿದುಕೊಂಡಾಗ ಆಗುವ ಸಂಯುಕ್ತವೇ ಜಿಎಚ್‌ಕೆ-ತಾಮ್ರ. ಅದನ್ನು ಸಿದ್ಧ ಪುಡಿಯಾಗಿ ತರಿಸದೆ ನಾವೇ ಕೂಡಿಸೋಣ ಎಂದು ನಾನು ಹೇಳಿದಾಗ, ನವಿ ಮುಂಬಯಿಯ ರಬಾಳೆಯಲ್ಲಿರುವ ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಒಪ್ಪಿದವರು ಯಾರೂ ಇರಲಿಲ್ಲ. ಉಡುಪಿ ಕಡೆಯವರಾದ ನಮ್ಮ ಹಿರಿಯರು, "ಮೂರು ಅಮೈನೋ ಆಮ್ಲ, ಒಂದು ತಾಮ್ರ. ಇದಕ್ಕೆ ಯಾಕೆ ಮಾರಾಯ್ರೆ ಇಷ್ಟು ಒದ್ದಾಟ, ತರಿಸಿಬಿಡಿ" ಎಂದರು. ಒದ್ದಾಟ ಹದಿನಾಲ್ಕು ತಿಂಗಳು ನಡೆಯಿತು. ಈಗ ಸತತವಾಗಿ ಐದು ಬ್ಯಾಚುಗಳು ಒಂದೇ ಬಗೆಯ ಫಲಿತಾಂಶ ಕೊಟ್ಟಿರುವುದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ಪೆಟ್ಟು ಬಿದ್ದದ್ದು ತೂಕದಲ್ಲಿ. 200 ಮಿಲಿಗ್ರಾಂ ಪೆಪ್ಟೈಡಿಗೆ ಸುಮಾರು 30 ಸಾವಿರ ರೂಪಾಯಿ ಕೊಟ್ಟಿದ್ದೆವು. ಚೀಟಿಯ ಮೇಲೆ ಶುದ್ಧತೆ 95 ಪ್ರತಿಶತ ಎಂದಿತ್ತು. ಅಣುತೂಕ 340 ಎಂದು ಹಿಡಿದು, ಸಮ ಮೋಲ್ ಲೆಕ್ಕದಲ್ಲಿ, ಅಂದರೆ ಒಂದು ಪೆಪ್ಟೈಡ್ ಅಣುವಿಗೆ ಒಂದು ತಾಮ್ರದಂತೆ, ಮುಂಬಯಿಯ ಪ್ರಿನ್ಸೆಸ್ ಸ್ಟ್ರೀಟಿನಿಂದ ತಂದ ತಾಮ್ರದ ಕ್ಲೋರೈಡನ್ನು ಬೆರೆಸಿದೆ. ಆ ಪುಡಿ ಟಿಎಫ್‌ಎ (ಟ್ರೈಫ್ಲೂರೋಅಸಿಟಿಕ್ ಆಮ್ಲ) ಲವಣವೆಂಬುದು ತಿಳಿದಿದ್ದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಅಣುವಿಗೆ ಎರಡು ಟಿಎಫ್‌ಎ ಅಂಟಿಕೊಂಡಿದ್ದರೆ ನಿಜವಾದ ಪೆಪ್ಟೈಡ್ ಶೇಕಡಾ 60 ಮಾತ್ರ. ಅದರ ಮೇಲೆ ಮುಂಬಯಿಯ ಜುಲೈ ತಿಂಗಳು: ತಕ್ಕಡಿಯ ಬಾಗಿಲು ಮುಚ್ಚಿ ಕಾಯುತ್ತಿರುವಷ್ಟರಲ್ಲೇ ಪುಡಿ ತೇವ ಹೀರಿ ಕಾಗದಕ್ಕೆ ಅಂಟುತ್ತಿತ್ತು, ಕೊನೆಯ ಅಂಕಿ ಏರುತ್ತಲೇ ಇತ್ತು. ಪಿಎಚ್ ಅನ್ನು 7ಕ್ಕೆ ತಂದು ರಾತ್ರಿ ಬಿಟ್ಟು ಹೋದೆ. ಬೆಳಗ್ಗೆ ಟ್ಯೂಬಿನ ತಳದಲ್ಲಿ ಹಸಿರು ಬೆರೆತ ನೀಲಿಯ, ಹತ್ತಿಯಂಥ ಗಸಿ ಕೂತಿತ್ತು. ಸೋಸಿ ಜೀವಕೋಶಗಳಿಗೆ ಕೊಟ್ಟಾಗ ಎರಡನೆಯ ದಿನವೇ ಅವು ದುಂಡಗಾಗಿ ತೇಲತೊಡಗಿದವು. ಪೆಪ್ಟೈಡ್ ಹಿಡಿದುಕೊಳ್ಳದೆ ಉಳಿದ ತಾಮ್ರವೇ ಶತ್ರು ಎಂಬುದು ಅಂದು ಮನದಟ್ಟಾಯಿತು.

ಟ್ರಿಪ್ಟೋಫ್ಯಾನ್, ಟೈರೋಸಿನ್ ಎರಡೂ ಇಲ್ಲದ ಈ ಪೆಪ್ಟೈಡನ್ನು, ಪ್ರೋಟೀನುಗಳನ್ನು ಸಾಮಾನ್ಯವಾಗಿ ಅಳೆಯುವ 280 ನ್ಯಾನೊಮೀಟರಿನ ಬೆಳಕಿನಲ್ಲಿ ಅಳೆಯುವಂತಿಲ್ಲ. ಆದ್ದರಿಂದ ತಾಮ್ರವನ್ನೇ ಅಳತೆಗೋಲು ಮಾಡಿಕೊಂಡೆ. ಅಂದಾಜು 5 ಮಿಲಿಮೋಲಾರ್ ಪೆಪ್ಟೈಡಿಗೆ ಪ್ರಮಾಣೀಕರಿಸಿದ ತಾಮ್ರದ ದ್ರಾವಣವನ್ನು ಐದೈದು ಮೈಕ್ರೋಲೀಟರ್ ಹಾಕುತ್ತಾ, ಪ್ರತಿ ಸಲವೂ ಪಿಎಚ್ ಸರಿಪಡಿಸಿ, 600 ನ್ಯಾನೊಮೀಟರಿನ ಸುತ್ತ ಬೆಳಕಿನ ಹೀರಿಕೆಯನ್ನು ನೋಡಿದೆ. ತಾಮ್ರ ಕೂಡಿಕೊಳ್ಳುವಾಗ ಪ್ರೋಟಾನುಗಳು ಹೊರಬಿದ್ದು ಪಿಎಚ್ ಕುಸಿಯುವುದರಿಂದ ಇಲ್ಲಿ ಅವಸರ ಸಲ್ಲದು. ಬಿಳಿಚಿದ ಆಕಾಶನೀಲಿಯಾಗಿ ಬಿದ್ದ ಹನಿ, ಅಲುಗಾಡಿಸುತ್ತಿದ್ದಂತೆ ನೇರಳೆ ಛಾಯೆಯ ಗಾಢ ನೀಲಿಗೆ ತಿರುಗುವುದನ್ನು ನೋಡಿದರೆ ಯಾರೂ ಮರೆಯಲಾರರು. ಹೀರಿಕೆ 0.3ರ ಆಸುಪಾಸಿನಲ್ಲಿ ಏರುವುದು ನಿಂತ ಬಿಂದುವೇ ನಿಜವಾದ ಪೆಪ್ಟೈಡಿನ ಪ್ರಮಾಣ. ದೊಡ್ಡ ಬ್ಯಾಚಿನಲ್ಲಿ ಅದಕ್ಕಿಂತ ಶೇಕಡಾ ಐದರಷ್ಟು ಕಡಿಮೆ ತಾಮ್ರ ಹಾಕುತ್ತೇನೆ. ಕ್ಷಾರವನ್ನು ಯಾವ ಹಂತದಲ್ಲಿ, ಯಾವ ಉಷ್ಣತೆಯಲ್ಲಿ ಸೇರಿಸುತ್ತೇನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಟಿಎಫ್‌ಎಯನ್ನು ತೆಗೆಯಲು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಮೂರು ಸಲ ಲಯೋಫಿಲೈಸ್ ಮಾಡಿದರೆ (ಹೆಪ್ಪುಗಟ್ಟಿಸಿ ಒಣಗಿಸಿದರೆ) ಸಾಕಾಯಿತು.

ಬಫರಿನ ಆಯ್ಕೆಯಲ್ಲೂ ಹಣ ಹೋಯಿತು. ಫಾಸ್ಫೇಟು ಬಿಡಿ ತಾಮ್ರವನ್ನು ಮಸುಕು ಗಸಿಯಾಗಿ ಇಳಿಸಿತು. ಟ್ರಿಸ್ ಎಂಬ ಇನ್ನೊಂದು ಬಫರು ತಾನೇ ತಾಮ್ರಕ್ಕೆ ಕೈಚಾಚಿತು. ಜೀವಕೋಶಗಳನ್ನು ತಟ್ಟೆಯಿಂದ ಬಿಡಿಸಲು ಬಳಸುವ ಟ್ರಿಪ್ಸಿನ್ ಜೊತೆಗಿನ, ಲೋಹಗಳನ್ನು ಬಿಗಿಯಾಗಿ ಹಿಡಿಯುವ ಇಡಿಟಿಎ ಸರಿಯಾಗಿ ತೊಳೆದುಹೋಗದೆ ಪೆಪ್ಟೈಡಿನಿಂದ ತಾಮ್ರವನ್ನು ಕಿತ್ತುಕೊಳ್ಳುತ್ತಿದ್ದದ್ದನ್ನು ಪತ್ತೆಹಚ್ಚಲು ಎರಡು ತಿಂಗಳು ಬೇಕಾದವು.

ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ (ಎನ್‌ಸಿಸಿಎಸ್) 3ಟಿ3 ಎಂಬ ಇಲಿಯ ಫೈಬ್ರೋಬ್ಲಾಸ್ಟ್ (ಕೊಲಾಜೆನ್ ತಯಾರಿಸುವ) ಜೀವಕೋಶಗಳನ್ನು, ಫ್ಲಾಸ್ಕಿನ ಕತ್ತಿನವರೆಗೆ ಪೋಷಕ ಮಾಧ್ಯಮ ತುಂಬಿಸಿ, ಶಿವನೇರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಅವುಗಳನ್ನು ಹತ್ತು ಪ್ರತಿಶತ ಸೀರಮ್ (ರಕ್ತದ ತಿಳಿ) ಇರುವ ಮಾಧ್ಯಮದಲ್ಲಿ ಇಟ್ಟಾಗ ಸಂಯುಕ್ತದ ಪರಿಣಾಮವೇ ಕಾಣಲಿಲ್ಲ. ಕಾರಣ ಸೀರಮಿನಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು: ತಾಮ್ರವನ್ನು ಅದು ಹೆಚ್ಚುಕಡಿಮೆ ಜಿಎಚ್‌ಕೆಯಷ್ಟೇ ಬಿಗಿಯಾಗಿ ಹಿಡಿಯುತ್ತದೆ, ಮತ್ತು ಆ ಮಾಧ್ಯಮದಲ್ಲಿ ಅದು ಹತ್ತಾರು ಮೈಕ್ರೋಮೋಲಾರ್ ಇರುತ್ತದೆ. 1973ರಲ್ಲಿ ಲೊರೆನ್ ಪಿಕಾರ್ಟ್ ಈ ಪೆಪ್ಟೈಡನ್ನು ಗುರುತಿಸಿದ್ದೂ ಮಾನವ ಪ್ಲಾಸ್ಮಾದ ಆಲ್ಬುಮಿನ್ ಭಾಗದಲ್ಲೇ ಎಂಬುದನ್ನು ನಾನು ಮೊದಲೇ ನೆನೆಯಬೇಕಿತ್ತು. ಸೀರಮನ್ನು ಅರ್ಧ ಪ್ರತಿಶತಕ್ಕೆ ಇಳಿಸಿದ ಮೇಲೆ ಕೆಲಸ ದಾರಿಗೆ ಬಂತು. ಕೊಲಾಜೆನ್ ಹೆಚ್ಚಲೆಂದು ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ) ಬೆರೆಸಿದ ತಟ್ಟೆಗಳ ಜೀವಕೋಶಗಳು ಮಾತ್ರ ಮತ್ತೆ ಸತ್ತವು. ತಾಮ್ರ ಮತ್ತು ಆಸ್ಕಾರ್ಬೇಟ್ ಸೇರಿದರೆ ಜೀವಕೋಶಗಳಿಗೆ ವಿಷವಾದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ.

ಈ ನಡುವೆ ಒಂದು ಅಗ್ಗದ ಪರೀಕ್ಷೆಯೂ ಕೈಗೆ ಸಿಕ್ಕಿತು. ಪಿಎಚ್ 5ರಲ್ಲಿ ನಿಲ್ಲಿಸಿದ್ದ ಹಳೆಯ, ತಾಮ್ರ ಹೆಚ್ಚಾದ ಗಟ್ಟಿ ದ್ರಾವಣದ ಹನಿಯನ್ನು ಸೋಡಿಯಂ ಆಲ್ಜಿನೇಟಿಗೆ (ಕಡಲಕಳೆಯಿಂದ ಬರುವ ಅಂಟಿಗೆ) ಬಿಟ್ಟರೆ, ಬಿಡಿ ತಾಮ್ರ ಆ ಅಂಟನ್ನು ಗಟ್ಟಿಯಾಗಿಸುವುದರಿಂದ ಅದು ಪೊರೆಗಟ್ಟಿ ನೀಲಿ ಮಣಿಯಾಗುತ್ತದೆ. ಸರಿಯಾಗಿ ಕೂಡಿದ ದ್ರಾವಣ ಸುಮ್ಮನೆ ಹರಡಿಕೊಳ್ಳುತ್ತದೆ. ಹೊರಗಿನಿಂದ ತರಿಸಿದ ಒಂದು ಸಿದ್ಧ ಪುಡಿಯೂ ಹೀಗೆ ಮಣಿಗಟ್ಟಿತು.

1988ರಲ್ಲಿ ಮಕಾರ್ ಮತ್ತು ಸಂಗಡಿಗರು ಫೈಬ್ರೋಬ್ಲಾಸ್ಟುಗಳಲ್ಲಿ ಕೊಲಾಜೆನ್ ಉತ್ಪಾದನೆ ಒಂದು ನ್ಯಾನೊಮೋಲಾರಿನಲ್ಲಿ ಗರಿಷ್ಠವಾಗುತ್ತದೆಂದು ತೋರಿಸಿದ್ದರು. ನಾನೂ ಅಲ್ಲಿಂದಲೇ ಆರಂಭಿಸಿದೆ. ಜೀವಕೋಶಗಳ ಪದರದ ಮೇಲೆ ಪಿಪೆಟ್ ತುದಿಯಿಂದ ಎಳೆದ ಗೀರು 24 ಗಂಟೆಗಳಲ್ಲಿ ಬರಿಯ ಮಾಧ್ಯಮದಲ್ಲಿ ಸುಮಾರು 40 ಪ್ರತಿಶತ ಮುಚ್ಚಿಕೊಂಡರೆ, ಸಂಯುಕ್ತ ಹಾಕಿದಲ್ಲಿ 60ರ ಮೇಲೆ ಹೋಯಿತು. ತಾಮ್ರವಿಲ್ಲದ ಪೆಪ್ಟೈಡ್ ಎರಡರ ನಡುವೆ ನಿಂತಿತು. ಒಟ್ಟು ಖರ್ಚು ಎರಡು ಲಕ್ಷದ ಹತ್ತಿರ ಹೋಗಿರಬೇಕು, ಅದರಲ್ಲಿ ಮುಕ್ಕಾಲು ಪಾಲು ಮೊದಲ ಆರು ತಿಂಗಳಲ್ಲೇ. 0.22 ಮೈಕ್ರಾನ್ ಸೋಸುಕದಲ್ಲಿ ಸೋಸಿ, ಚಿಕ್ಕ ಟ್ಯೂಬುಗಳಲ್ಲಿ ಮೈನಸ್ 20 ಡಿಗ್ರಿಯಲ್ಲಿಟ್ಟ ಮೊದಲ ಒಳ್ಳೆಯ ಬ್ಯಾಚಿಗೆ ಈಗ ಎಂಟು ತಿಂಗಳು. ಕಳೆದ ವಾರ ಒಂದನ್ನು ಕರಗಿಸಿ ನೋಡಿದಾಗ 600ರಲ್ಲಿ ಹಳೆಯ ಅಂಕಿಯೇ ಬಂತು. ಅದನ್ನು ಓದಿದವರು ನಮ್ಮ ಹಿರಿಯರೇ. ತಮ್ಮ ಪುಡಿಯ ಬಾಟಲಿಯನ್ನೂ ಅಂದೇ ನನ್ನ ಮೇಜಿನ ಮೇಲೆ ಇಟ್ಟುಹೋದರು.