ಒಕಿನಾವಾದಲ್ಲಿ ‘ದಯವಿಟ್ಟು’ ಹುಡುಕಬೇಡಿ

ಜಪಾನಿನ ದಕ್ಷಿಣದ ದ್ವೀಪ ಒಕಿನಾವಾಕ್ಕೆ ಹೋಗಿ ನಾಹಾ ವಿಮಾನ ನಿಲ್ದಾಣದಲ್ಲಿ ಇಳಿದರೆ ಮೊದಲು ಕಾಣುವ ಮಾತು ‘ಮೆನ್‌ಸೋರೇ’. ಸುಸ್ವಾಗತ ಅಂತ ಅರ್ಥ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಅದೊಂದು ಕ್ರಿಯಾಪದ. ಹೋಗು, ಬಾ, ಇರು, ಈ ಮೂರಕ್ಕೂ ಒಕಿನಾವಾದ ನುಡಿಯಲ್ಲಿ ಗೌರವದ ರೂಪ ಒಂದೇ. ಅದರಿಂದ ಬಂದದ್ದು ಈ ಮಾತು. ನಮ್ಮಜ್ಜಿ ಬಾಗಿಲಲ್ಲಿ ನಿಂತು ‘ದಯಮಾಡಿಸಿ’ ಅನ್ನುತ್ತಿದ್ದರು, ಹಾಗೆ.

ಇದು ಗೊತ್ತಾದ ಮೇಲೆ ಉಳಿದದ್ದು ಸಲೀಸು. ನಾವು ಮನೆಯಲ್ಲಿ ‘ದಯವಿಟ್ಟು ನೀರು ಕೊಡಿ’ ಅನ್ನುವುದಿಲ್ಲ, ಅಲ್ವಾ? ಮರ್ಯಾದೆಯೆಲ್ಲ ‘ಕೊಡಿ’ಯ ಬಾಲದಲ್ಲಿದೆ. ಅಲ್ಲಿ ಆ ಬಾಲ ‘ಮಿಸೋರೇ’. ಕೊಡಿ ಅನ್ನಲು ‘ಕ್ವಿಮಿಸೋರೇ’. ಊಟಕ್ಕೆ ಕೂತವರಿಗೆ ತಿನ್ನಿ, ಕುಡಿಯಿರಿ ಅನ್ನಲು ‘ಉಸಗಮಿಸೋರೇ’. ಕೊನೆಯ ‘ರೇ’ಯನ್ನು ಎಳೆಯಿರಿ, ನುಂಗಬೇಡಿ.

ನಾಹಾದ ಮಾಕಿಶಿ ಮಾರುಕಟ್ಟೆಯ ಹತ್ತಿರ ಒಬ್ಬ ಅಜ್ಜಿ ಸಾಟಾ ಅಂಡಾಗಿ ಕರಿಯುತ್ತಿದ್ದರು. ಮೈದಾ, ಮೊಟ್ಟೆ, ಸಕ್ಕರೆ ಕಲಸಿ ಎಣ್ಣೆಗೆ ಬಿಡುವ ಉಂಡೆ ಅದು. ಕರಿದಾಗ ಮೇಲೆ ಹೂವಿನಂತೆ ಬಿರಿಯುತ್ತದೆ. ನಾನು ‘ಹೈಸೈ’ ಅಂದೆ, ನಮಸ್ಕಾರ ಅಂತ. ಅವರು ಜಾಲರಿ ಸೌಟು ಪಕ್ಕಕ್ಕಿಟ್ಟು, ಮೆಲ್ಲಗೆ ‘ಹೈತೈ’ ಅಂತ ತಿದ್ದಿದರು. ಗಂಡಸರು ‘ಸೈ’, ಹೆಂಗಸರು ‘ತೈ’. ಧಾರವಾಡದ ಕಡೆ ಮಾತಿನ ಕೊನೆಗೆ ‘ರೀ’ ಹಚ್ಚುತ್ತಾರಲ್ಲ, ಆ ಕೆಲಸವನ್ನೇ ಇವು ಮಾಡುತ್ತವೆ. ಆಮೇಲೆ ‘ಕುರಿ ತಾಚಿ ಕ್ವಿಮಿಸೋರೇ’ ಅಂದೆ. ಇದು ಎರಡು ಕೊಡಿ ಅಂತ. ‘ಕುರಿ’ ಅಂದರೆ ಇದು. ಕನ್ನಡದ ಕಿವಿಗೆ ಬೇಗ ಅಂಟುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ನರಾಚಿ ಕ್ವಿಮಿಸೋರೇ’. ನರಾಚಿ ಅಂದರೆ ಕಲಿಸಿ, ಕ್ವಿಮಿಸೋರೇ ಅಂದರೆ ಕೊಡಿ. ಕಲಿಸಿಕೊಡಿ! ಪದಕ್ಕೆ ಪದ ನಮ್ಮದೇ ಜೋಡಣೆ. ಹಿರಿಯರ ಹತ್ತಿರ ಮಾತು ಶುರು ಮಾಡುವಾಗ ಇದನ್ನೇ ಮೊದಲು ಹೇಳಿ. ಒಂದು ಕಾಲದಲ್ಲಿ ಶಾಲೆಯಲ್ಲಿ ಈ ನುಡಿ ಆಡಿದ ಮಕ್ಕಳ ಕೊರಳಿಗೆ ಶಿಕ್ಷೆಯಾಗಿ ‘ಹೋಗೆನ್ ಫುದಾ’ (ಆಡುನುಡಿಯ ಹಲಗೆ) ಅನ್ನುವ ಮರದ ಹಲಗೆ ತೂಗುಹಾಕುತ್ತಿದ್ದರು. 2009ರಲ್ಲಿ ಯುನೆಸ್ಕೋ ಇದನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಗೆ ಸೇರಿಸಿತು. ಆದ್ದರಿಂದ ಸುಮ್ನೆ ಪರೀಕ್ಷೆ ಮಾಡಿದ ಹಾಗೆ ‘ಇದಕ್ಕೇನಂತೀರಿ’ ಅಂತ ಕೇಳಬೇಡಿ. ಕಲಿಸಿಕೊಡಿ ಅಂದರೆ ಮುಖ ಅರಳುತ್ತದೆ. ಚಿಕ್ಕವರು ಜಾಸ್ತಿ ಜಪಾನಿಯಲ್ಲೇ ಉತ್ತರ ಕೊಡುತ್ತಾರೆ, ಬೇಜಾರಾಗಬೇಡಿ.

ಯಾರದಾದರೂ ಮನೆಗೆ ಹೋದರೆ ಬಾಗಿಲಲ್ಲಿ ‘ಚಾಬಿರ ತೈ’ ಅನ್ನಿ, ಗಂಡಸರಾದರೆ ‘ಚಾಬಿರ ಸೈ’. ಅಕ್ಷರಶಃ ‘ಬರ್ತೀನಿ’ ಅಂತ. ನಾವು ಹೊರಡುವಾಗ ಹೇಳುವುದನ್ನು ಅವರು ಒಳಗೆ ಬರುವಾಗ ಹೇಳುತ್ತಾರೆ. ತಟ್ಟೆ ಮುಂದೆ ಬಂದಾಗ ‘ಕ್ವಚ್ಚೀಸಬಿರ’, ಉಂಡ ಮೇಲೆ ‘ಕ್ವಚ್ಚೀಸಬಿತನ್’. ಕ್ವಚ್ಚೀ ಅಂದರೆ ಹಬ್ಬದೂಟ. ಬರೀ ಹಾಗಲಕಾಯಿ ಪಲ್ಯ ಬಡಿಸಿದರೂ ಅದು ಹಬ್ಬದೂಟವೇ. ಥ್ಯಾಂಕ್ಸ್‌ಗೆ ‘ನಿಫೇದೇಬಿರು’.

ಇಶಿಗಾಕಿ ದ್ವೀಪಕ್ಕೆ ಹೋದರೆ ಮಾತ್ರ ಮೆನ್‌ಸೋರೇ ಬಿಡಿ. ಅಲ್ಲಿ ‘ಓರಿತೋರಿ’, ಮಿಯಾಕೋ ದ್ವೀಪದಲ್ಲಿ ‘ನ್‌ಮ್ಯಾಚಿ’. ಅವು ಬೇರೆಯೇ ನುಡಿಗಳು.

ಅಂಗಡಿಯಿಂದ ಹೊರಡುವಾಗ ‘ಗುಬುರೀಸಬಿರ’ ಅಂದೆ, ಅಪ್ಪಣೆ ಕೇಳುವ ಮಾತು ಅದು. ಅಜ್ಜಿ ಪೊಟ್ಟಣಕ್ಕೆ ಇನ್ನೊಂದು ಉಂಡೆ ಹಾಕಿ, ‘ಮತಾ ಮೆನ್‌ಸೋರೇ’ ಅಂದರು. ಮತ್ತೆ ದಯಮಾಡಿಸಿ.