ಮೂರು ಸಾವಿರದೊಳಗೆ ಸ್ಟೇಜ್‌ಗೆ ಆಗುವ ಡಿಲೇ ಪೆಡಲ್: ಡೊಂಬಿವಲಿಯಿಂದ ನನ್ನ ಅನುಭವ

ಕಳೆದ ನವೆಂಬರ್‌ನಲ್ಲಿ ನಮ್ಮ ಆರ್ಕೆಸ್ಟ್ರಾದ ರಾಜ್ಯೋತ್ಸವ ಕಾರ್ಯಕ್ರಮ ಇತ್ತು. ಹದಿನಾಲ್ಕು ಹಾಡು. ಹದಿನಾಲ್ಕಕ್ಕೂ 1,800 ರೂಪಾಯಿಯ ಸೆಕೆಂಡ್ ಹ್ಯಾಂಡ್ ಡಿಲೇ ಪೆಡಲ್ (ಗಿಟಾರ್ ಸದ್ದನ್ನು ಸ್ವಲ್ಪ ತಡವಾಗಿ ಪ್ರತಿಧ್ವನಿ ಥರ ಮತ್ತೆ ಕೇಳಿಸುವ, ಕಾಲಲ್ಲಿ ಒತ್ತುವ ಡಬ್ಬಿ) ಇಟ್ಟುಕೊಂಡೇ ನುಡಿಸಿದೆ, ಒಂದು ಕಡೆಯೂ ಕೈಕೊಡಲಿಲ್ಲ. "ಎಂಥದು ಮಾರಾಯಾ, ಅದು ಮಕ್ಕಳ ಆಟಿಕೆ, ದುಡ್ಡು ಕೂಡಿಸಿ ಬಾಸ್ ಡಿಡಿ-3 ತಗೋ" ಅಂತ ಎರಡು ವರ್ಷದಿಂದ ಹೇಳುತ್ತಿದ್ದ ಕೀಬೋರ್ಡ್‌ನವರೇ ಕಾರ್ಯಕ್ರಮ ಮುಗಿದ ಮೇಲೆ ಬಗ್ಗಿ ಪೆಡಲ್ ನೋಡಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಡಿಡಿ-3 ಒಳ್ಳೆಯ ಪೆಡಲ್, ಅದರಲ್ಲಿ ಎರಡು ಮಾತಿಲ್ಲ. 800 ಮಿಲಿಸೆಕೆಂಡ್ ತನಕ ತಡ ಕೊಡುತ್ತದೆ, ಶುದ್ಧವಾಗಿ ಕೊಡುತ್ತದೆ. ಆದರೆ ಒಂದು ಕಾರ್ಯಕ್ರಮಕ್ಕೆ ಕೈಗೆ ಬರುವುದು ಸಾವಿರದೈನೂರು, ಅದರಲ್ಲಿ ರಾತ್ರಿ ರಿಕ್ಷಾಕ್ಕೇ ಇನ್ನೂರು ಹೋಗುವವನಿಗೆ ಆ ಲೆಕ್ಕ ಕೂಡುವುದಿಲ್ಲ.

ಮೊದಲು ಕಳೆದುಕೊಂಡ ದುಡ್ಡಿನ ವಿಷಯ. ಆನ್‌ಲೈನ್‌ನಲ್ಲಿ ಸುಮಾರು 2,200ಕ್ಕೆ ಒಂದು ಹೊಸ ಪೆಡಲ್ ತಗೊಂಡೆ. ಎಷ್ಟು ತಡ ಅಂತ ಇಡುವ ಟೈಮ್ ನಾಬ್ ಅರ್ಧ ದಾಟಿದರೆ ಹಾಡಿನ ಹಿಂದೆ ಮಳೆ ಸುರಿದ ಹಾಗೆ ಹಿಸ್. ಆರು ತಿಂಗಳಾದ ಮೇಲೆ 1,200ಕ್ಕೆ ಕೊಟ್ಟೆ. ಆಮೇಲೆ 5,500 ಕೊಟ್ಟು ಒಂದೇ ಪೆಟ್ಟಿಗೆಯಲ್ಲಿ ಹಲವು ಎಫೆಕ್ಟ್ ಇರುವ ಹಳೇ ಮಲ್ಟಿ ಎಫೆಕ್ಟ್ ತಂದೆ. ಮನೆಯಲ್ಲಿ ಚೆನ್ನಾಗಿತ್ತು. ಸ್ಟೇಜ್ ಮೇಲೆ ಗಾಯಕಿ ದಿಢೀರನೆ ಹಾಡು ಬದಲಾಯಿಸಿದಾಗ ಸಣ್ಣ ಪರದೆ ನೋಡಿಕೊಂಡು ಮೆನು ಒಳಗೆ ಇಳಿಯೋದು ಆಗಲ್ಲ. ಅದೂ ನಾಲ್ಕು ಸಾವಿರಕ್ಕೆ ಹೋಯಿತು. ಎರಡೂ ಸೇರಿ ಎರಡೂವರೆ ಸಾವಿರ ನೀರಿಗೆ.

ಮೊದಲನೇ ಪೆಡಲ್ ಮಾರುವ ಮುಂಚೆ ಹಿಂದಿನ ನಾಲ್ಕು ಸ್ಕ್ರೂ ತೆಗೆದು ನೋಡಿದ್ದೆ. ಒಳಗೆ ಪಿಟಿ2399 ಅನ್ನುವ ಡಿಜಿಟಲ್ ಚಿಪ್. ಅಗ್ಗದ ಡಿಲೇಗಳಲ್ಲಿ ಬಹಳ ಕಡೆ ಇದೇ ಚಿಪ್ ಇರುತ್ತದೆ, ಮೇಲೆ ಅನಲಾಗ್ ಅಂತ ಬರೆದಿದ್ದರೂ. ಕರೋಕೆ ಎಕೋಗೆ ಅಂತ ಮಾಡಿದ ಚಿಪ್ ಇದು. ಸುಮಾರು 340 ಮಿಲಿಸೆಕೆಂಡ್ ತನಕ ಸಾಕಷ್ಟು ಚೊಕ್ಕವಾಗಿ ಕೆಲಸ ಮಾಡುತ್ತದೆ. ಅಲ್ಲಿಂದ ಮುಂದೆ ಎಳೆದರೆ ಒಳಗಿನ ಕ್ಲಾಕ್ ನಿಧಾನ ಆಗುತ್ತದೆ, ಗಲೀಜು ಜಾಸ್ತಿ ಆಗುತ್ತದೆ. ಅಂದರೆ ಪೆಡಲ್ ಕೆಟ್ಟದ್ದಾಗಿರಲಿಲ್ಲ, ನಾನೇ ಅದರಿಂದ 600 ಮಿಲಿಸೆಕೆಂಡ್ ಕೇಳುತ್ತಿದ್ದೆ. ಇದು ಹೊಳೆದ ದಿನ ನನ್ನ ಹುಡುಕಾಟವೇ ಬದಲಾಯಿತು.

340ರೊಳಗೆ ಏನು ಸಿಗುತ್ತದೆ ಅಂತ ಕೂತು ಲೆಕ್ಕ ಹಾಕಿದೆ. 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ತಾಳದ ಏಟು) ಭಾಗಿಸಿ, ಮುಕ್ಕಾಲು ತಗೊಂಡರೆ ಡಾಟೆಡ್ ಏಯ್ತ್, ಅಂದರೆ ಮುಕ್ಕಾಲು ಏಟಿನ ತಡ. 132 ಬಿಪಿಎಂಗೆ ಸುಮಾರು 341 ಮಿಲಿಸೆಕೆಂಡ್ ಬರುತ್ತದೆ. ಅದಕ್ಕಿಂತ ವೇಗದ ಹಾಡಿಗೆ ಡಾಟೆಡ್ ಇಟ್ಟೆ. ನಿಧಾನದವಕ್ಕೆ ನೇರ ಏಯ್ತ್, ಅಂದರೆ ಅರ್ಧ ಏಟು, 96ಕ್ಕೆ 312. ನಾವು ನುಡಿಸುವ ಎಂಬತ್ತರ ದಶಕದ ಸಿನಿಮಾ ಹಾಡುಗಳಿಗೆ ಇಷ್ಟು ಧಾರಾಳ ಸಾಕು. ಇನ್ನೊಂದು ಲಾಭ, ಈ ಚಿಪ್‌ನ ರಿಪೀಟ್, ಅಂದರೆ ಮರಳಿ ಬರುವ ಸದ್ದು, ಸ್ವಲ್ಪ ಮಂಕಾಗಿರುತ್ತದೆ, ಹಾಗಾಗಿ ಗಾಯಕರ ದನಿಯ ಮೇಲೆ ಬೀಳುವುದಿಲ್ಲ, ಹಿಂದೆ ಕೂತಿರುತ್ತದೆ.

ಈಗಿನ ಪೆಡಲ್ ಸಿಕ್ಕಿದ್ದು ಥಾಣೆಯಲ್ಲಿ, ಇಂಜಿನಿಯರಿಂಗ್ ಹುಡುಗನೊಬ್ಬನ ಮನೆಯಲ್ಲಿ. 2,500 ಅಂದ. ನಾನು ನನ್ನದೇ ಗಿಟಾರ್, ಸದ್ದನ್ನು ಒರಟಾಗಿಸುವ ಓವರ್‌ಡ್ರೈವ್ ಪೆಡಲ್ ಎರಡೂ ಹೊತ್ತುಕೊಂಡು ಹೋಗಿದ್ದೆ. ಮಿಕ್ಸ್ (ಪ್ರತಿಧ್ವನಿ ಎಷ್ಟು ಜೋರು) ಪೂರ್ತಿ, ರಿಪೀಟ್ (ಎಷ್ಟು ಸಲ) ಅರ್ಧ, ಗಿಟಾರ್ ವಾಲ್ಯೂಮ್ ಸೊನ್ನೆ, ಹಿಸ್ ಎಷ್ಟಿದೆ ಅಂತ ಸುಮ್ನೆ ಕೇಳಿದೆ. ಆಮೇಲೆ ಟೈಮ್ ನಾಬ್ ಪೂರ್ತಿ ಎಡಕ್ಕೆ ತಿರುಗಿಸಿ, ಕರೆಂಟ್ ತೆಗೆದು ಮತ್ತೆ ಹಾಕಿದೆ. ಕೆಲವು ಪೆಡಲ್‌ನಲ್ಲಿ ಹೀಗೆ ಮಾಡಿದರೆ ಚಿಪ್ ಸಿಕ್ಕಿಹಾಕಿಕೊಳ್ಳುತ್ತದೆ, ರಿಪೀಟೇ ಬರುವುದಿಲ್ಲ. ಇದರಲ್ಲೂ ಬರಲಿಲ್ಲ. ನಾಬ್ ಬಲಕ್ಕಿಟ್ಟು ಆನ್ ಮಾಡಿದರೆ ಸರಿಹೋಗುತ್ತದೆ ಅಂತ ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. 1,800ಕ್ಕೆ ಆಯಿತು. ಹೊರಡುವ ಮುಂಚೆ ಅವನಿಗೂ ಹೇಳಿಕೊಟ್ಟೆ.

ಮನೆಗೆ ತಂದ ವಾರದಲ್ಲೇ ಸುಟ್ಟೆ. ರೌಟರ್‌ನ 12 ವೋಲ್ಟ್ ಅಡಾಪ್ಟರ್ ಪಕ್ಕದಲ್ಲಿತ್ತು, ಪಿನ್ ಒಂದೇ ಥರ, ಅವಸರದಲ್ಲಿ ಚುಚ್ಚಿದೆ. ಅದರ ನಡುವೆ ಪ್ಲಸ್, ಪೆಡಲ್‌ಗೆ ನಡುವೆ ಮೈನಸ್ ಬೇಕು. ಸಣ್ಣಗೆ ಒಂದು ವಾಸನೆ, ಲೈಟ್ ಇಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಶನಿವಾರ ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡ್‌ಗೆ ಹೋದೆ. ಅಂಗಡಿಯವರು ಮೀಟರ್ ಇಟ್ಟು ನೋಡಿ, ಕರೆಂಟ್ ಬಾಯಲ್ಲೇ ಇದ್ದ ಡಯೋಡ್ ಶಾರ್ಟ್ ಆಗಿದೆ, ಉಳಿದದ್ದೆಲ್ಲ ಉಳಿದಿದೆ ಅಂದರು. ಡಯೋಡ್ ಎರಡು ರೂಪಾಯಿ, ಬೆಸುಗೆಗೆ ಐವತ್ತು. ಅಲ್ಲೇ ಪಿಟಿ2399 ಎರಡು ಜಾಸ್ತಿ ತಂದಿಟ್ಟುಕೊಂಡೆ.

ಅದೇ ಸುತ್ತಿನಲ್ಲಿ 450ಕ್ಕೆ ಒಂದು ಬೇರೆ 9 ವೋಲ್ಟ್ ಅಡಾಪ್ಟರ್ ಕೂಡ ತಂದೆ, ಡಿಲೇಗೆ ಮಾತ್ರ. ಒಂದೇ ಅಡಾಪ್ಟರ್‌ನಿಂದ ಎಲ್ಲ ಪೆಡಲ್‌ಗೂ ಕರೆಂಟ್ ಹಂಚುವ ಡೈಸಿ ಚೈನ್‌ನಲ್ಲಿ ಎಲ್ಲ ಒಟ್ಟಿಗೆ ಇದ್ದಾಗ ಓವರ್‌ಡ್ರೈವ್ ಒತ್ತಿದರೆ ಸೊಳ್ಳೆ ಥರ ಕುಂಯ್ ಅನ್ನುತ್ತಿತ್ತು. ಬೇರೆ ಮಾಡಿದ ಕ್ಷಣ ನಿಂತಿತು. ನನ್ನ ಮಟ್ಟಿಗೆ ಹೇಳುವುದಾದರೆ, ಪೆಡಲ್‌ಗೆ ಇನ್ನೈನೂರು ಜಾಸ್ತಿ ಹಾಕುವ ಬದಲು ಆ ದುಡ್ಡು ಅಡಾಪ್ಟರ್‌ಗೆ ಹಾಕಿ.

ಕಾಲಲ್ಲಿ ತಾಳ ಒತ್ತಿ ಡಿಲೇ ಟೈಮ್ ಇಡುವ ಟ್ಯಾಪ್ ಟೆಂಪೋ ಇದರಲ್ಲಿ ಇಲ್ಲ, ಹೌದು. ಅದಕ್ಕೆ ನೆಲದ ಮೇಲೆ ಕೂತು, ಫೋನಿನಲ್ಲಿ ಮೆಟ್ರೋನೋಮ್ ಹಾಕಿ, ಪಾಮ್ ಮ್ಯೂಟ್‌ನಲ್ಲಿ (ಅಂಗೈಯಿಂದ ತಂತಿ ಅದುಮಿ) ಟಕ್ ಅಂತ ಒಂದೇ ಏಟು ಹೊಡೆದು, ರಿಪೀಟ್ ತಾಳದ ಮೇಲೆ ಕೂರುವ ತನಕ ನಾಬ್ ಕೂದಲೆಳೆಯಷ್ಟು ಸರಿಸಿ, ಹೆಂಡತಿಯ ಉಗುರುಬಣ್ಣದಲ್ಲಿ ಚುಕ್ಕಿ ಇಟ್ಟೆ. ಐದು ಚುಕ್ಕಿ, ಐದು ಬಣ್ಣ. ಹಾಡಿನ ಪಟ್ಟಿಯಲ್ಲಿ ಪ್ರತಿ ಹಾಡಿನ ಪಕ್ಕ ಅದೇ ಬಣ್ಣ. ಒಂದು ಸಂಜೆಯ ಕೆಲಸ. ಮಿಕ್ಸ್ ಮನೆಯಲ್ಲಿ ಸರಿ ಅನ್ನಿಸಿದ್ದಕ್ಕಿಂತ ಕಮ್ಮಿ ಇಡಿ, ನಮ್ಮ ಸಭಾಂಗಣಗಳು ತಾವೇ ಬೇಕಾದಷ್ಟು ಎಕೋ ಕೊಡುತ್ತವೆ, ಅಲ್ವಾ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಗಣಪತಿ ಮಂಡಳಿಯವರು ಬಿಸಾಡಿದ ಕರೋಕೆ ಮಿಕ್ಸರ್ ಬಿಚ್ಚಿದೆ, ಒಳಗೆ ಅದೇ ಚಿಪ್! ಗಿಟಾರ್ ನೇರ ಹಾಕಿದರೆ ಕಂಬಳಿ ಹೊದ್ದ ಹಾಗೆ ಸದ್ದು. ಮುಂದೆ ಸಿಗ್ನಲ್ ಕುಗ್ಗದ ಹಾಗೆ ನೋಡಿಕೊಳ್ಳುವ ಒಂದು ಬಫರ್ ಇಟ್ಟ ಮೇಲೆ ಬಾಯಿಬಿಟ್ಟಿತು. ಸ್ಟೇಜ್‌ಗೆ ಆಗುವಂಥದ್ದಲ್ಲ, ಆದರೆ ಮನೆಯಲ್ಲಿ ಗಂಟೆಗಟ್ಟಲೆ ನುಡಿಸಿದ್ದೇನೆ. ಭಾವಗೀತೆಗಳ ಶುರುವಿಗೆ ಮಾಡುವುದು ಬೇರೆ: ತಂತಿ ಮೀಟಿ ಗಿಟಾರ್ ವಾಲ್ಯೂಮನ್ನು ಕಿರುಬೆರಳಿನಿಂದ ಸೊನ್ನೆಯಿಂದ ಏರಿಸುವುದು. ರಿಪೀಟ್ ಒಂದರ ಮೇಲೊಂದು ಬಂದು ಪಿಟೀಲಿನ ಹಾಗೆ ತುಂಬಿಕೊಳ್ಳುತ್ತದೆ. ರಾಜ್ಯೋತ್ಸವದಲ್ಲಿ ಇದನ್ನು ಕೀಬೋರ್ಡ್‌ನದು ಅಂದುಕೊಂಡವರೇ ಜಾಸ್ತಿ.

ಪೆಡಲ್ ಒಳಗೆ ಒಂದು ಕೆಪಾಸಿಟರ್ ಬದಲಾಯಿಸಿದ್ದೇನೆ, ರಿಪೀಟ್ ಸರಪಳಿ ಉದ್ದಕ್ಕೂ ಗದ್ದಲ ಆಗದ ಹಾಗೆ. ಯಾವುದು, ಎಷ್ಟರದ್ದು ಅಂತ ಇಲ್ಲಿ ಬರೆಯುವುದಿಲ್ಲ. ಪೆಡಲ್ ಹಿಡಿದುಕೊಂಡು ಮನೆಗೆ ಬಂದರೆ ತೋರಿಸುತ್ತೇನೆ.

ಪೆಡಲ್, ಅಡಾಪ್ಟರ್, ರಿಪೇರಿ, ಓಡಾಟ ಎಲ್ಲ ಸೇರಿ ಎರಡೂವರೆ ಸಾವಿರ ಚಿಲ್ಲರೆ ಆಗಿರಬೇಕು. ಮೊನ್ನೆ ಗೆಳೆಯನ ಪೆಡಲ್ ತಂದು ಎರಡನ್ನೂ ಸಾಲಾಗಿ ಜೋಡಿಸಿದೆ, ಮೊದಲನೆಯದು 160 ಮಿಲಿಸೆಕೆಂಡ್, ಎರಡನೆಯದು 320. ಕುದುರೆ ಓಟದ ಹಾಗೆ ತುಂಬಿಕೊಂಡಿತು, ವೇಗದ ಹಾಡಿಗೆ ಹೇಳಿ ಮಾಡಿಸಿದ ಹಾಗೆ. ಹಾಗಾಗಿ ಇಂಥದ್ದೇ ಇನ್ನೊಂದು ಹುಡುಕುತ್ತಿದ್ದೇನೆ. ಕಲ್ಯಾಣದಿಂದ ಥಾಣೆ ತನಕ ಎಲ್ಲಿಗೆ ಬೇಕಾದರೂ ಬಂದು ತಗೊಳ್ಳುತ್ತೇನೆ, 1,800ರ ಮೇಲೆ ಕೊಡುವುದಿಲ್ಲ.