ಮೂರು ಬೀಗ, ಎರಡೇ ಕೀ

ಆಯುಧ ಪೂಜೆ ಮುಗಿದು ತಿಂಗಳಾಗಿತ್ತು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಮೇನ್ ಪ್ಯಾನೆಲ್ ಮುಂದೆ ನಿಂತಿದ್ದೆ. ನೇಮ್‌ಪ್ಲೇಟ್ ಮೇಲೆ ಗಂಧ, ಕುಂಕುಮ ಒಣಗಿ ಅಂಟಿಕೊಂಡಿತ್ತು. ಹೆಬ್ಬೆರಳಿನಿಂದ ಉಜ್ಜಿದ ಮೇಲೆ ಅಕ್ಷರ ಕಾಣಿಸಿತು: 35 ಕೆಎ, 1 ಸೆಕೆಂಡ್.

ಅಂದರೆ 35,000 ಆಂಪಿಯರ್ ಶಾರ್ಟ್ ಸರ್ಕ್ಯೂಟ್ ಆದರೂ ಬಸ್‌ಬಾರ್ (ಪ್ಯಾನೆಲ್ ಒಳಗೆ ಕರೆಂಟ್ ಹಂಚುವ ಲೋಹದ ಪಟ್ಟಿ) 1 ಸೆಕೆಂಡ್ ತಡೆದುಕೊಳ್ಳುತ್ತದೆ. 1000 ಕೆವಿಎ ಟ್ರಾನ್ಸ್‌ಫಾರ್ಮರ್ ಒಂದೇ ಇದ್ದಾಗ ಚಿಂತೆ ಇರಲಿಲ್ಲ. 433 ವೋಲ್ಟ್‌ಗೆ ಫುಲ್ ಲೋಡ್ 1333 ಆಂಪಿಯರ್, ಇಂಪಿಡೆನ್ಸ್ (ಟ್ರಾನ್ಸ್‌ಫಾರ್ಮರ್ ಒಳಗಿನ ತಡೆ) ಶೇ 5. 1333ನ್ನು ಆ ಶೇ 5ರಿಂದ ಭಾಗಿಸಿದರೆ ಶಾರ್ಟ್ ಸರ್ಕ್ಯೂಟ್ ಕರೆಂಟ್ 27 ಕೆಎ ದಾಟಲ್ಲ. ಈಗ ಅಂಥದ್ದೇ ಇನ್ನೊಂದು ಬಂದಿತ್ತು. ಎರಡೂ ಕಡೆಯ ಬಸ್‌ಬಾರ್ ಜೋಡಿಸುವ ಬ್ರೇಕರ್, ಅಂದರೆ ಬಸ್ ಕಪ್ಲರ್ ಹಾಕಿ ಎರಡನ್ನೂ ಪ್ಯಾರಲಲ್ ಓಡಿಸಬೇಕು ಅಂತ ಪ್ರೊಡಕ್ಷನ್‌ನವರ ಹಟ. ಆಗ 53 ಕೆಎ.

ನಾನು ಮೊದಲು ಸೆಟ್ಟಿಂಗ್‌ನಲ್ಲೇ ದಾರಿ ಹುಡುಕಿದೆ. ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಆ ಪ್ರಕಾರ 53 ಕೆಎ ಹರಿದರೂ ಬಸ್‌ಬಾರ್ 0.43 ಸೆಕೆಂಡ್ ತಾಳಬೇಕು. ಟ್ರಾನ್ಸ್‌ಫಾರ್ಮರ್‌ನಿಂದ ಕರೆಂಟ್ ಒಳಬರುವ ಇನ್‌ಕಮರ್ ಬ್ರೇಕರ್‌ನ (ಎಸಿಬಿ) ಶಾರ್ಟ್ ಟೈಮ್ ಡಿಲೇ, ಅಂದರೆ ಶಾರ್ಟ್ ಆದಾಗ ತೆರೆಯುವ ಮುನ್ನ ಅದು ಕಾಯುವ ಹೊತ್ತು, 0.4 ಸೆಕೆಂಡ್‌ನಲ್ಲಿತ್ತು. 0.2ಕ್ಕೆ ಇಳಿಸಿದರೆ ಮುಗೀತು, ಅಲ್ವಾ?

ಮಧ್ಯಾಹ್ನ ಊಟದ ಬಿಲ್ ಹಿಂದೆ ಸುಮ್ನೆ ಇನ್ನೊಮ್ಮೆ ಗೀಚುವಾಗ ತಪ್ಪು ಹೊಳೆಯಿತು. ಬಿಸಿಯನ್ನಷ್ಟೇ ಲೆಕ್ಕ ಹಾಕಿದ್ದೆ, ಒದೆತ ಮರೆತಿದ್ದೆ. ಶಾರ್ಟ್ ಆದ ಮೊದಲ 10 ಮಿಲಿಸೆಕೆಂಡಿನಲ್ಲೇ ಕರೆಂಟ್ ತುದಿ ಮುಟ್ಟುತ್ತದೆ. 35 ಕೆಎ ಪ್ಯಾನೆಲ್‌ಗೆ ಆ ತುದಿ 73 ಚಿಲ್ಲರೆ ಕೆಎ. ನಮ್ಮದು 117ರ ಹತ್ತಿರ. ಬಸ್‌ಬಾರ್‌ಗಳು ಒಂದನ್ನೊಂದು ತಳ್ಳುವ ಬಲವೂ ವರ್ಗದ ಲೆಕ್ಕವೇ, ಎರಡೂವರೆ ಪಟ್ಟು! ಸಪೋರ್ಟ್ ಇನ್ಸುಲೇಟರ್‌ಗಳು ಚೂರಾಗಬಹುದು. ಎಸಿಬಿಯನ್ನು ಇನ್‌ಸ್ಟಂಟೇನಿಯಸ್‌ಗೆ, ಅಂದರೆ ಕಾಯದೆ ತೆರೆಯುವಂತೆ, ಇಟ್ಟರೂ ಅಷ್ಟು ಬೇಗ ಅದು ತೆರೆಯಲ್ಲ. ಡಿಲೇ ತಿರುಗಿಸಿ ಈ ಮೊದಲ ಏಟು ತಪ್ಪಿಸೋಕೆ ಆಗಲ್ಲ.

ಹಾಗಾಗಿ ಪ್ಯಾರಲಲ್ ಬೇಡ ಅಂದೆ. ಒಂದಿಷ್ಟು ಜಗಳವೇ ಆಯಿತು. ಕೊನೆಗೆ ಎರಡು ಇನ್‌ಕಮರ್, ಒಂದು ಕಪ್ಲರ್, ಮೂರಕ್ಕೂ ಬೀಗ, ಕೀ ಮಾತ್ರ ಎರಡು. ಕೀ ಇಲ್ಲದೆ ಬ್ರೇಕರ್ ಆನ್ ಆಗಲ್ಲ, ಆನ್ ಇರುವಾಗ ಕೀ ಹೊರಗೆ ಬರಲ್ಲ. ಮೂರೂ ಒಟ್ಟಿಗೆ ಆನ್ ಆಗೋ ಮಾತೇ ಇಲ್ಲ.

ಈಗ ಫಾಲ್ಟ್ 27 ಕೆಎ ಒಳಗೆ. ಹೀಗಾಗಿ, ಫಾಲ್ಟ್‌ಗೆ ಹತ್ತಿರದ ಬ್ರೇಕರ್ ಮೊದಲು ತೆರೆಯುವಂತೆ ಡಿಲೇ ಇಡೋಕೆ ಜಾಗ ಸಿಕ್ಕಿತು. ಇನ್‌ಕಮರ್ 0.3, ಕಪ್ಲರ್ 0.2, ಔಟ್‌ಗೋಯಿಂಗ್ ಎಂಸಿಸಿಬಿ (ಲೋಡ್ ಕಡೆ ಹೋಗುವ ಚಿಕ್ಕ ಬ್ರೇಕರ್) ತಕ್ಷಣ. ಇನ್‌ಕಮರ್‌ನ ಇನ್‌ಸ್ಟಂಟೇನಿಯಸ್ ಆಫ್ ಮಾಡಿದೆ. ಅದಕ್ಕೂ ಮೊದಲು ಎಸಿಬಿಯ ಸ್ವಂತ ಶಾರ್ಟ್ ಟೈಮ್ ರೇಟಿಂಗ್ (ತೆರೆಯದೆ ಕಾಯುವಾಗ ತಡೆದುಕೊಳ್ಳುವ ಕರೆಂಟ್) ನೋಡಿಕೊಂಡೆ, ಬರೀ ಬ್ರೇಕಿಂಗ್ ಕೆಪಾಸಿಟಿ (ತೆರೆದು ಕಡಿಯಬಲ್ಲ ಕರೆಂಟ್) ನೋಡಿದರೆ ಸಾಲದು.

ಹೊರಡುವಾಗ ಶಿಫ್ಟ್ ಎಲೆಕ್ಟ್ರಿಷಿಯನ್ ಹತ್ತಿರ ಬಂದ. "ಸಾರ್, ಒಂದು ಡೂಪ್ಲಿಕೇಟ್ ಕೀ ಮಾಡಿಸಿಡಲಾ?"